ಕಪಾಟು ತುಂಬಿಸಿದ ಬುಗುರಿ

“ಕೊಡಿ ಮಾಮ, ಬೇಗ.”

“ತಡಿಯೇ. ಇನ್ನೆರಡೇ ಪುಟ. ಕೊಲೆ ಮಾಡಿದ್ದು ಯಾರು ಅಂತ ಈಗ ಗೊತ್ತಾಗುತ್ತೆ.”

ಕಟಿಂಗ್ ಶಾಪ್ ಮಾಮನ ಒಂದು ಕೈಯಲ್ಲಿ ಪುಸ್ತಕ, ಇನ್ನೊಂದು ಕೈಯಲ್ಲಿ ಕತ್ತರಿ. ಕುರ್ಚಿಯಲ್ಲಿದ್ದ ಗಿರಾಕಿಯ ತಲೆಯಲ್ಲಿ ಒಂದು ಕಡೆಯ ಕೂದಲು ಮಾತ್ರ ಸಣ್ಣಗಾಗಿತ್ತು.

“ಮೊದಲಿನ ಹಾಗೆ ಜೋರಾಗಿ ಓದಿ, ನನಗೂ ಗೊತ್ತಾಗಲಿ” ಎಂದ ಗಿರಾಕಿ.

“ಆಮೇಲೆ ಓದಿ. ಸಾಹೇಬ್ರು ಬಂದುಬಿಡ್ತಾರೆ” ಎನ್ನುತ್ತ ಬುಗುರಿ ನಿಂತಲ್ಲೇ ಕುಣಿದಳು. ಅವಳಿಗೆ ಒಂದು ಕಡೆ ನಿಲ್ಲಲು ಆಗುತ್ತಲೇ ಇರಲಿಲ್ಲ. ಅದಕ್ಕೇ ಬೀದಿಯವರೆಲ್ಲ ಅವಳ ನಿಜವಾದ ಹೆಸರು ಮರೆತು ಬುಗುರಿ ಅನ್ನುತ್ತಿದ್ದರು.

ಮಾಮ ಮನಸ್ಸಿಲ್ಲದ ಮನಸ್ಸಿನಿಂದ ಹಲ್ಲು ಮುರಿದ ಬಾಚಣಿಗೆಯೊಂದನ್ನು ಗುರುತಿಗೆ ಪುಟದೊಳಗಿಟ್ಟು ಪುಸ್ತಕ ಮುಚ್ಚಿದರು. “ಅವರು ಆ ಕಡೆ ಹೋದ ತಕ್ಷಣ ನನಗೆ ವಾಪಸ್ ಬೇಕು, ತಿಳೀತಾ?”

ಬುಗುರಿ ಆಗಲೇ ರಸ್ತೆ ದಾಟಿದ್ದಳು.

ರಸ್ತೆಯ ಆಚೆಗೇ ಲೈಬ್ರರಿ. ಅದನ್ನು ನಡೆಸುವವರು ಅವಳ ಚಿಕ್ಕಮ್ಮ. ಅಲ್ಲಿನ ಬೆಂಚು ಕಟಿಂಗ್ ಶಾಪ್ ಮಾಮ ಕೊಟ್ಟದ್ದು. ಹರಿದ ಪುಸ್ತಕಗಳಿಗೆ ಹೊಲಿಗೆ ಹಾಕಿಕೊಡುವುದು ಟೈಲರ್ ಆಂಟಿ. ಅಲ್ಲಾಡುವ ಕಪಾಟುಗಳಿಗೆ ಸ್ಕ್ರೂ ಬಿಗಿಯುವುದು ಸೈಕಲ್ ಶಾಪ್ ಅಣ್ಣ.

ಹೋದ ವಾರ ಊರಿನ ಕಚೇರಿಯ ಸಾಹೇಬರು ಲೈಬ್ರರಿಯ ಬಾಗಿಲಲ್ಲೇ ನಿಂತು ಒಳಗೆ ಇಣುಕಿದ್ದರು. “ಕಪಾಟೆಲ್ಲ ಖಾಲಿ ಹೊಡೀತಿದೆಯಲ್ಲ. ನಮ್ಮ ಕಚೇರಿಯ ಮುರಿದ ಮೇಜು ಕುರ್ಚಿ ತುಂಬೋಕೆ ಒಳ್ಳೆ ಜಾಗ. ಮುಂದಿನ ವಾರ ಬಂದು ಅಳತೆ ತಗೋತೀನಿ” ಎಂದಿದ್ದರು.

ಇವತ್ತು ಬೆಳಿಗ್ಗೆ ಚಿಕ್ಕಮ್ಮ ಸಾಹೇಬರ ಹತ್ತಿರ ಮಾತಾಡಲು ಕಚೇರಿಗೆ ಹೋಗಿದ್ದರು. ಹೋಗುವಾಗ ಬೀಗದಕೈ ಕೊಟ್ಟು, “ಕಸ ಗುಡಿಸಿ ಸುಮ್ನೆ ಕೂತಿರು. ಏನೂ ಉಪದ್ವ್ಯಾಪ ಮಾಡ್ಬೇಡ” ಎಂದಿದ್ದರು.

ಬುಗುರಿ ಕಸ ಗುಡಿಸಿದಳು. ಸುಮ್ಮನೆ ಕೂರುವುದು ಮಾತ್ರ ಆಗಲಿಲ್ಲ. ಕಪಾಟು ಖಾಲಿ ಅನ್ನುವುದೇ ತಾನೇ ಸಾಹೇಬರ ತಕರಾರು? ತುಂಬಿಸಿಬಿಟ್ಟರೆ ಆಯಿತಲ್ಲ!

ಸೈಕಲ್ ಶಾಪ್ ಅಣ್ಣನ ತಳ್ಳುಗಾಡಿ ಎಳೆದುಕೊಂಡು, ಜನ ಓದಲು ಒಯ್ದಿದ್ದ ಲೈಬ್ರರಿ ಪುಸ್ತಕಗಳನ್ನೆಲ್ಲ ವಾಪಸ್ ಕೇಳುತ್ತ ಮನೆ ಮನೆ, ಅಂಗಡಿ ಅಂಗಡಿ ತಿರುಗಿದಳು. ಕಟಿಂಗ್ ಶಾಪಿನದೇ ಕೊನೆಯ ಪುಸ್ತಕ. ಒಂದೊಂದನ್ನೂ ಒರೆಸಿದಳು. ಒಳಗೆ ಸಿಕ್ಕಿಸಿದ್ದ ಗುರುತುಗಳನ್ನೆಲ್ಲ ಕಿತ್ತು ಬಿಸ್ಕತ್ತಿನ ಡಬ್ಬಿಗೆ ಹಾಕಿದಳು. ನೀಟಾಗಿ ಕಾಣಬೇಡವೇ? ಕಿಟಕಿಯ ಮುಂದಿನ ಕಪಾಟು ಎಷ್ಟು ತುಂಬಿತೆಂದರೆ ಕೋಣೆಯೇ ಕತ್ತಲಾಗಿ, ಲೈಟ್ ಹಾಕಬೇಕಾಯಿತು.

ಅಷ್ಟರಲ್ಲಿ ಮೆಟ್ಟಿಲ ಮೇಲೆ ಬೂಟಿನ ಸದ್ದು. ಸಾಹೇಬರ ಹಿಂದೆಯೇ ಚಿಕ್ಕಮ್ಮ ಬಂದರು. ಕಪಾಟುಗಳನ್ನು ನೋಡಿ ಅವರ ಮುಖ ಬಿಳುಚಿಕೊಂಡಿತು.

ಚಿಕ್ಕಮ್ಮನಿಗೆ ಖುಷಿಯಾಗಬೇಕಿತ್ತು. ಯಾಕೆ ಆಗಲಿಲ್ಲ?

“ಏನಮ್ಮ, ಅರ್ಧ ಪುಸ್ತಕ ಜನರ ಕೈಯಲ್ಲೇ ಇದೆ, ಅದಕ್ಕೇ ಕಪಾಟು ಖಾಲಿ ಅಂತ ದಾರಿಯುದ್ದಕ್ಕೂ ಹೇಳಿದ್ರಿ” ಎಂದರು ಸಾಹೇಬರು. “ಇಲ್ಲಿ ನೋಡಿದ್ರೆ ಒಂದೂ ಹೊರಗೆ ಹೋದ ಹಾಗಿಲ್ಲ.”

“ನಿನ್ನೆವರೆಗೂ ಹೊರಗೇ ಇದ್ವು ಸರ್.”

“ಎಲ್ಲರೂ ಹಾಗೇ ಅಂತಾರೆ.” ಸಾಹೇಬರು ಒಂದು ಪುಸ್ತಕ ತೆಗೆದು ಬಿಡಿಸಿದರು. “ಯಾರೂ ಪುಟ ತಿರುವಿದ ಹಾಗೇ ಕಾಣಲ್ಲ. ಪೆಟ್ಟಿಗೆಗೆ ತುಂಬಿ ಪಕ್ಕದೂರಿಗೆ ಕಳಿಸಿದ್ರಾಯ್ತು.” ಜೇಬಿನಿಂದ ಅಳತೆಯ ಟೇಪು ಹೊರಗೆ ಬಂತು.

ಬುಗುರಿಗೆ ಓಡಿಬಿಡೋಣ ಅನ್ನಿಸಿತು. ಓಡಿದಳು ಕೂಡ. ಆದರೆ ಬಾಗಿಲಿಗಲ್ಲ, ಮೂಲೆಗೆ. ಬಿಸ್ಕತ್ತಿನ ಡಬ್ಬಿ ತಂದು ಸಾಹೇಬರ ಮುಂದೆ ಮೇಜಿನ ಮೇಲೆ ಬೋರಲು ಹಾಕಿದಳು.

ಕೆಂಪು ದಾರ, ಬಸ್ ಟಿಕೆಟ್, ಸೈಕಲ್ ಟ್ಯೂಬಿನ ತುಂಡು, ಖಾಲಿ ಮಾತ್ರೆ ಪಟ್ಟಿ, ಹೇರ್‌ಪಿನ್, ಹಲ್ಲು ಮುರಿದ ಬಾಚಣಿಗೆ.

“ಏನಿದು ಕಸ?”

“ಕಸ ಅಲ್ಲ ಸರ್. ಎಲ್ಲಿವರೆಗೆ ಓದಿದೀವಿ ಅಂತ ಇಟ್ಕೊಂಡಿದ್ದ ಗುರುತು. ಎಲ್ಲ ಪುಸ್ತಕ ನಾನೇ ವಾಪಸ್ ತಂದೆ. ಗುರುತೂ ನಾನೇ ಕಿತ್ತೆ. ಚಿಕ್ಕಮ್ಮಂಗೆ ಗೊತ್ತಿಲ್ಲ.”

ಸಾಹೇಬರು ಏನೋ ಹೇಳುವಷ್ಟರಲ್ಲಿ ಬಾಗಿಲಲ್ಲಿ ಗುಸುಗುಸು ಕೇಳಿಸಿತು.

“ಹೋದ್ರಾ?”

“ಇಲ್ಲ, ಇನ್ನೂ ಇದಾರೆ. ತಳ್ಳಬೇಡಿ ಆಂಟಿ.”

“ನಾನೆಲ್ಲಿ ತಳ್ಳಿದೆ? ನಿಮ್ಮ ಗಿರಾಕಿ ತಳ್ತಿರೋದು.”

ಸಾಹೇಬರು ಬಾಗಿಲು ಪೂರ್ತಿ ತೆರೆದರು. ಮೆಟ್ಟಿಲ ತುಂಬ ಜನ. ಎಲ್ಲರಿಗಿಂತ ಮುಂದೆ ಕಟಿಂಗ್ ಶಾಪ್ ಮಾಮ. ಪಕ್ಕದಲ್ಲಿ ಕುತ್ತಿಗೆಗೆ ಬಿಳಿ ಬಟ್ಟೆ ಕಟ್ಟಿಕೊಂಡ ಅರ್ಧ ಕಟಿಂಗಿನ ಗಿರಾಕಿ.

“ಏನು ಬೇಕಿತ್ತು?” ಎಂದರು ಸಾಹೇಬರು.

“ಪುಸ್ತಕ” ಎಂದ ಗಿರಾಕಿ. “ಅದು ಬರೋವರೆಗೂ ಇವರ ಕತ್ತರಿ ಓಡಲ್ಲ.”

ಸಾಹೇಬರು ಪಕ್ಕಕ್ಕೆ ಸರಿದು ನಿಂತರು. ಎಲ್ಲರೂ ನುಗ್ಗಿದರು. ಟೈಲರ್ ಆಂಟಿ ಮೇಜಿನ ಮೇಲಿದ್ದ ದಾರ ನೋಡಿ, “ಅಯ್ಯೋ, ನನ್ನ ಕತೆಯ ಹಡಗು ಎಲ್ಲಿವರೆಗೆ ಹೋಗಿತ್ತೋ ಏನೋ. ಈಗ ಮೊದಲಿಂದ ಹೊರಡಬೇಕು” ಎಂದು ಹಣೆ ಚಚ್ಚಿಕೊಂಡರು. ಸೈಕಲ್ ಶಾಪ್ ಅಣ್ಣ ಟ್ಯೂಬಿನ ತುಂಡು ಕೈಯಲ್ಲಿ ಹಿಡಿದು, ನಕ್ಷತ್ರಗಳ ಪುಸ್ತಕದ ಪುಟಗಳನ್ನು ಒಂದೊಂದಾಗಿ ತಿರುವುತ್ತ ನಿಂತ.

ಅದನ್ನು ನೋಡಲು ಬುಗುರಿಗೆ ಆಗಲಿಲ್ಲ. ತಲೆ ತಗ್ಗಿಸಿದಳು.

“ಕೊಲೆ ಕತೇಲಿ ತೋಟದ ಬಾಗಿಲು ತೆಗೆದಿತ್ತಲ್ಲ, ಅಲ್ಲಿದ್ವಿ” ಎಂದ ಗಿರಾಕಿ.

“ಅದು ಆಗಲೇ ಆಯ್ತು ಕಣಯ್ಯ. ನೀನು ನಿದ್ದೆ ಹೊಡೀತಿದ್ದೆ” ಎಂದರು ಮಾಮ.

“ಕೊಲೆ ಮಾಡಿದ್ದು ಯಾರು ಕೊನೆಗೆ?” ಸಾಹೇಬರು ಕೇಳಿದರು.

“ಗೊತ್ತಿದ್ದಿದ್ರೆ ನಾವ್ಯಾಕೆ ಓಡಿ ಬರ್ತಿದ್ವಿ ಸಾರ್?”

ಸಾಹೇಬರ ಮೀಸೆಯ ಕೆಳಗೆ ನಗು ಮಿಂಚಿ ಮಾಯವಾಯಿತು. ಟೇಪು ಮತ್ತೆ ಜೇಬು ಸೇರಿತು. “ಮೇಜು ಕುರ್ಚಿಗೆ ಬೇರೆ ಜಾಗ ನೋಡ್ಕೋತೀನಿ ಬಿಡಮ್ಮ” ಎಂದು ಚಿಕ್ಕಮ್ಮನಿಗೆ ಹೇಳಿ ಮೆಟ್ಟಿಲಿಳಿದರು.

ಎಲ್ಲರೂ ತಮ್ಮ ತಮ್ಮ ಪುಸ್ತಕ ತಗೊಂಡು ಹೋದ ಮೇಲೆ ಚಿಕ್ಕಮ್ಮ ಬೆಂಚಿನ ಮೇಲೆ ಕುಸಿದು ಕೂತರು. ಬೈಯುತ್ತಾರೆ ಎಂದು ಬುಗುರಿ ಕಾದಳು.

“ಲೈಟ್ ಆರಿಸೇ” ಎಂದರು ಚಿಕ್ಕಮ್ಮ ಅಷ್ಟೇ. “ಈಗ ಬೆಳಕಿದೆಯಲ್ಲ.”

ಬುಗುರಿ ಲೈಟ್ ಆರಿಸಿದಳು. ಕಿಟಕಿಯ ಮುಂದಿನ ಕಪಾಟಿನಲ್ಲಿ ಉಳಿದ ಪುಸ್ತಕಗಳು ಒಂದರ ಮೇಲೊಂದು ವಾಲಿಕೊಂಡಿದ್ದವು. ಅವನ್ನು ನೆಟ್ಟಗೆ ಮಾಡಿ ಸಂದು ಮುಚ್ಚಲು ಅವಳ ಕೈ ತಾನಾಗಿಯೇ ಮುಂದೆ ಹೋಯಿತು. ಅರ್ಧದಲ್ಲೇ ನಿಂತಿತು.

ಆ ಸಂದಿನಿಂದ ರಸ್ತೆಯ ಆಚೆಗಿನ ಕಟಿಂಗ್ ಶಾಪ್ ಕಾಣುತ್ತಿತ್ತು. ಗಿರಾಕಿ ಮತ್ತೆ ಕುರ್ಚಿಯಲ್ಲಿದ್ದ. ಮಾಮನ ಕತ್ತರಿ ಗಾಳಿಯಲ್ಲೇ ನಿಂತಿತ್ತು. ಇನ್ನೊಂದು ಕೈಯಲ್ಲಿ ಪುಸ್ತಕ.

ಬುಗುರಿ ಪುಸ್ತಕಗಳನ್ನು ಹಾಗೇ ವಾಲಲು ಬಿಟ್ಟಳು. ಮಾಮನ ಕತ್ತರಿ ಮತ್ತೆ ಓಡತೊಡಗುವವರೆಗೂ ಅಲ್ಲಾಡದೆ ಅಲ್ಲೇ ನಿಂತಿದ್ದಳು.