ನೀಲಿ ಹೂವಿನ ಗೆಡ್ಡೆ

ತಮಾರಜ್ಜಿ ಊಟ ಬಿಟ್ಟು ವಾರವಾಗಿತ್ತು. ಸಾಯುವ ಮುಂಚೆ ತಿನ್ನಬೇಕೆಂದು ಅವಳು ಕೇಳಿದ್ದು ಒಂದೇ, ಅವರ ಜನ ಹಿಂದಿನಿಂದ ಅಗೆದು ತಿನ್ನುತ್ತಿದ್ದ, ಮೇಲಿನ ಬಯಲಿನ ಕ್ಯಾಮಸ್ ಗೆಡ್ಡೆ. ತಗ್ಗಿನ ಬಯಲುಗಳೆಲ್ಲ ಬಿಳಿಯರ ಗೋಧಿಹೊಲವಾಗಿ ಯಾವ ಕಾಲವಾಯಿತೋ. ಮೊಮ್ಮಗಳು ಡೀಲಿಯಾ ಅಜ್ಜಿಯ ಅಗೆಗೋಲು ಹೆಗಲಿಗೇರಿಸಿದಳು. ಈವರೆಗೆ ಒಂದು ಗೆಡ್ಡೆಯನ್ನೂ ಅಗೆದವಳಲ್ಲ. ಸೋದರಮಾವ ಈನೋಕ್ ಗೊಣಗುತ್ತಲೇ ಜೊತೆಗೆ ಹೊರಟ.

ಕ್ಲಿಯರ್‌ವಾಟರ್ ಹೊಳೆ ಉಕ್ಕಿ ಹರಿಯುತ್ತಿತ್ತು. ನಡುನೀರಿನಲ್ಲಿ ಈನೋಕ್ ಜಾರಿದ. ಡೀಲಿಯಾ ಕೋಲು ಚಾಚಿದಳು. ಅವನು ಉಳಿದ, ಒಣಮಾಂಸದ ಬುತ್ತಿಚೀಲ ಹೋಯಿತು.

"ಮಾಂಸ ಹೋಗಿ ಮಾವ ಉಳಿದ. ನಷ್ಟ ನಿಂದೇ," ಅಂದ.

ದೇವದಾರು ಕಾಡಿನ ಕಡಿದಾದ ಏರನ್ನು ಹಸಿದ ಹೊಟ್ಟೆಯಲ್ಲೇ ಹತ್ತಿದರು. ಗುಡ್ಡದ ನೆತ್ತಿಯಲ್ಲಿ ಆಲಿಕಲ್ಲು ಬಡಿಯಿತು. ಅದು ನಿಂತ ಮೇಲೆ ಬಯಲು ಕಂಡಿತು. ಒಂದು ಹೂವೂ ಉಳಿದಿರಲಿಲ್ಲ.

ಡೀಲಿಯಾ ಕುಸಿದು ಕೂತಳು. ಕ್ಯಾಮಸ್‌ನ ಹೂ ನೀಲಿ. ಅದರ ನಡುವೆಯೇ ಬೆಳೆಯುವ ವಿಷದ ಗೆಡ್ಡೆಗೆ ಬಿಳಿ ಹೂ. ಎರಡಕ್ಕೂ ನೆಂಟಸ್ತಿಕೆ ಎಲ್ಲೋ ಏಳು ತಲೆಮಾರಿನಾಚೆ, ಆದರೆ ಮಣ್ಣೊಳಗೆ ಮುಖ ಮಾತ್ರ ಒಂದೇ. ಅದಕ್ಕೇ ಅಜ್ಜಿ ಪ್ರತಿವರ್ಷ ಹೂ ಬಿಟ್ಟಾಗಲೇ ಬಂದು ಬಿಳಿಯದನ್ನು ಕಿತ್ತೆಸೆಯುತ್ತಿದ್ದಳು. ಅವಳು ಹಾಸಿಗೆ ಹಿಡಿದ ಮೇಲೆ ಯಾರೂ ಬರಲಿಲ್ಲ. ಇನ್ನೊಬ್ಬರು ಹೋಗಿರುತ್ತಾರೆ ಅಂತ ಎಲ್ಲರೂ ಸುಮ್ಮನಿದ್ದರು. ಥೂ, ನಮ್ಮ ಜನವೇ!

ಈನೋಕ್ ಒಂದು ಗೆಡ್ಡೆ ಅಗೆದು ಒರೆಸಿದ.

"ನಾ ತಿಂದು ನೋಡ್ತೀನಿ. ಬೆಳಗ್ಗೆ ಎದ್ರೆ ಒಳ್ಳೇದು ಅಂತ ತಿಳ್ಕೋ."

ಡೀಲಿಯಾ ಅವನ ಕೈಗೆ ಹೊಡೆದಳು. ಗೆಡ್ಡೆ ಹಾರಿಬಿತ್ತು. "ಇಬ್ಬರನ್ನ ಹೂಳೋ ಶಕ್ತಿ ನಂಗಿಲ್ಲ, ಮಾವ."

ಅಳುತ್ತಲೇ ಬಯಲೆಲ್ಲ ತೆವಳಿ ಹುಡುಕಿದಳು. ಕೊನೆಗೆ, ಉರುಳಿಬಿದ್ದ ಮರದ ಬೊಡ್ಡೆಯಡಿ ಆಲಿಕಲ್ಲು ತಾಗದೆ ಉಳಿದಿದ್ದ ಕೆಲವು ನೀಲಿ ಹೂಗಳು ಸಿಕ್ಕವು. ದಂಟು ಬಿಡದೆ, ಹೂವಿನ ಸಮೇತ ಅಗೆದಳು. ಬಂದದ್ದು ಒಂದು ಬೊಗಸೆ.

ಇಳಿಯುವಾಗ ಹಸಿವಿಗೆ ಕಣ್ಣು ಕತ್ತಲಿಟ್ಟಿತು. ಆದರೂ ಅವಳು ಗೆಡ್ಡೆ ಮುಟ್ಟಲಿಲ್ಲ. ಮೊದಲ ಸಲ ಅಗೆದವಳು ತನ್ನ ಗೆಡ್ಡೆ ತಾನು ತಿನ್ನುವಂತಿಲ್ಲ, ಅದೆಲ್ಲ ಹಿರಿಯರಿಗೆ.

ಮನೆ ಮುಟ್ಟಿದಾಗ ಅಜ್ಜಿಗೆ ಉಸಿರಿತ್ತು. ಕಾದ ಕಲ್ಲಿನ ಕುಳಿಯಲ್ಲಿ ಗೆಡ್ಡೆ ಕಪ್ಪಗೆ ಬೇಯುವಷ್ಟರಲ್ಲಿ ಆ ಉಸಿರು ನಿಂತುಹೋದೀತೆಂದು ಹೆದರಿ ಡೀಲಿಯಾ ಒಳಗೂ ಹೊರಗೂ ಓಡಾಡಿದಳು. ಹೂಗಳು ದಾರಿಯಲ್ಲೇ ಬಾಡಿ ಬಣ್ಣಗೆಟ್ಟಿದ್ದವು. ಮನೆಯವರೆಲ್ಲ ಅನುಮಾನದಿಂದ ಕೇಳಿದರು, ನೀಲಿಯದೇ ತಾನೇ, ಸರಿಯಾಗಿ ನೋಡಿದೆಯಾ ಎಂದು.

ಅಜ್ಜಿ ಏನೂ ಕೇಳಲಿಲ್ಲ. ಡೀಲಿಯಾಳ ಮಣ್ಣು ಹಿಡಿದ ಉಗುರುಗಳನ್ನು ನೋಡಿದಳು, ಗೆಡ್ಡೆಗೆ ಬಾಯಿ ತೆರೆದಳು.