ಬಲಕ್ಕೆ ತಿರುಗುವ ಮುನ್ನ

"ರೀ ಮೇಡಂ! ಬೈಕ್ ಓಡಿಸ್ತಿದ್ದೀರೋ, ಚರಂಡಿ ಅಳತೆ ಮಾಡ್ತಿದ್ದೀರೋ?"

ಗೌತಮಿಯ ಎದೆ ಇನ್ನೂ ಡವಡವ ಹೊಡೆದುಕೊಳ್ಳುತ್ತಿತ್ತು. ಕೋಗಿಲು ರಸ್ತೆಯ ಎಡ ಅಂಚಿನಲ್ಲಿ, ನಿಂತ ಕಾರುಗಳಿಗೆ ಉಜ್ಜಿಕೊಂಡಂತೆ ಹೋಗುತ್ತಿದ್ದವಳ ಮುಂದೆ ಕಾರೊಂದರ ಬಾಗಿಲು ದಢಾರನೆ ತೆರೆದುಕೊಂಡಿತ್ತು. ಗಾಬರಿಯಲ್ಲಿ ಹ್ಯಾಂಡಲ್ ಬಲಕ್ಕೆ ಎಳೆದಳು... ಹಿಂದೆ ಬರುತ್ತಿದ್ದವನು ಬ್ರೇಕ್ ಹಾಕದಿದ್ದರೆ ಇಬ್ಬರೂ ನೆಲ ಕಚ್ಚುತ್ತಿದ್ದರು.

"ನಾನು ನನ್ ಪಾಡಿಗೆ ಸೈಡಲ್ಲಿ ಹೋಗ್ತಿದ್ದೆ. ಯಾರಿಗೂ ಅಡ್ಡ ಬಂದಿರ್ಲಿಲ್ಲ!"

"ಅದೇ ಕಣ್ರೀ ನಿಮ್ ತಪ್ಪು. ಅದ್ರ ಮೇಲೆ ಎಲ್ ಬೋರ್ಡ್ ಹಾಕ್ಕೊಂಡು ಒಬ್ರೇ ಬಂದಿದ್ದೀರ."

ಹೆಲ್ಮೆಟ್ಟಿನೊಳಗಿಂದ ಎರಡು ಕಣ್ಣು ಕೆಂಡ ಕಾರಿದವು. ಅವನು ಹೊರಟುಹೋದ.

'ಎಂಥಾ ಕೊಬ್ಬು! ಇವನ ಮುಖ ಇನ್ನೊಂದು ಸಲ ನೋಡಬಾರದಪ್ಪಾ...'

ಹಾಗೆ ಬೇಡಿಕೊಂಡವರಿಗೆ ದೇವರು ಏನು ಮಾಡುತ್ತಾನೆ ಎಂದು ನಿಮಗೆ ಗೊತ್ತೇ ಇದೆ. ಮರುದಿನ ಯಲಹಂಕದ ಡ್ರೈವಿಂಗ್ ಸ್ಕೂಲಿನಲ್ಲಿ ಅವಳಿಗೆ ಬೈಕ್ ಕಲಿಸಲು ಬಂದವನು ಅವನೇ, ಅಶ್ವತ್ಥ್!

ಗೌತಮಿ ಮನೆಮನೆಗೆ ಹೋಗಿ ವಯಸ್ಸಾದವರಿಗೆ ವ್ಯಾಯಾಮ ಮಾಡಿಸುವ ಫಿಸಿಯೋಥೆರಪಿಸ್ಟ್. ಆರ್.ಟಿ. ನಗರದಿಂದ ಕೋಗಿಲುವರೆಗೆ ಅವಳ ಓಡಾಟ. ಅಣ್ಣ ಕಾರು ಕೊಂಡಾಗ ಹಳೆಯ ಬೈಕು ಮನೆಯಲ್ಲಿ ಉಳಿಯಿತು. "ಸ್ಕೂಟಿ ತಗೊಳ್ಳೇ" ಎಂದರು ಎಲ್ಲರೂ. ಇವಳು ಕೇಳಲಿಲ್ಲ. ಹುಟ್ಟಿದಾಗಿನಿಂದ ಹಠ ಹಿಡಿದದ್ದು ಇದೊಂದಕ್ಕೇ ಎನ್ನಬೇಕು.

ಕಲಿಸುತ್ತಿದ್ದ ಮೈದಾನ ಅಶ್ವತ್ಥನ ಮನೆಯವರದೇ. ಒಂದು ಕಾಲಕ್ಕೆ ರಾಗಿ ಬೆಳೆಯುತ್ತಿದ್ದ ಹೊಲ. ಸುತ್ತಮುತ್ತ ಎಲ್ಲವೂ ಲೇಔಟ್ ಆಗಿ ಇದೊಂದು ತುಂಡು ಉಳಿದಿತ್ತು. ಅಲ್ಲಿ ಅವನು ಸುಣ್ಣದ ಪುಡಿಯಲ್ಲಿ ರಸ್ತೆ ಬರೆದ.

"ನೋಡಿ, ಇದು ನಿಮ್ ಲೇನ್. ತೀರಾ ಎಡಕ್ಕೆ ಹೋದ್ರೆ ಮರಳು, ಕಾರ್ ಬಾಗಿಲು, ಬಸ್ ಸ್ಟಾಪು. ಒಳಗೆ ಬಂದ್ರೆ ಮುಂದಿನವನ ಕನ್ನಡೀಲಿ ಕಾಣ್ತೀರ, ಹಿಂದಿನವನ ಕಣ್ಣಿಗೂ ಬೀಳ್ತೀರ."

ಹೇಳಿದ್ದೆಲ್ಲಾ ಅರ್ಥವಾಗುತ್ತಿತ್ತು. ಆದರೆ ರಸ್ತೆಗಿಳಿದ ಕೂಡಲೇ ಗಾಡಿ ಎಡಕ್ಕೆ, ಇನ್ನೂ ಎಡಕ್ಕೆ! ಹಿಂದೆ ಕೂತ ಅಶ್ವತ್ಥನದು ಒಂದೇ ಜಪ. "ಒಳಗೆ ಬನ್ನಿ... ಒಳಗೆ ಬನ್ನಿ ಮೇಡಂ..."

ಒಂದು ದಿನ ಗಾಡಿ ನಿಂತಾಗ ಕೇಳಿದ. "ಯಾಕ್ರೀ ಹಿಂಗೆ? ರಸ್ತೆ ಅಷ್ಟಗಲ ಇದೆಯಲ್ಲ!"

"ಚಿಕ್ಕೋಳಿದ್ದಾಗಿಂದ ಅಮ್ಮ ಹೇಳಿದ್ದು ಒಂದೇ ಮಾತು. ಯಾರಿಗೂ ಅಡ್ಡ ಬರ್ಬೇಡ ಮಗಳೇ ಅಂತ. ದೊಡ್ಡಪ್ಪನ ಮನೇಲಿ ಬೆಳೆದೋರು ನಾವು..."

ಬೈಯುತ್ತಾನೆ ಎಂದುಕೊಂಡಿದ್ದಳು. ಅವನು ಹೆಲ್ಮೆಟ್ ತೆಗೆದ. ಆಮೇಲೆ ಮೆತ್ತಗೆ ಹೇಳಿದ.

"ರಸ್ತೇಲಿ ನಿಮಗೂ ಒಂದ್ ಜಾಗ ಇದೆ ಗೌತಮಿ ಅವ್ರೇ. ಅದನ್ನ ತಗೊಂಡ್ರೆ ಯಾರಿಗೂ ಅಡ್ಡ ಆಗಲ್ಲ. ಬಿಟ್ಟುಕೊಟ್ರೆ ಇನ್ಯಾರೋ ನುಗ್ತಾರೆ."

ಇಷ್ಟು ವರ್ಷದಲ್ಲಿ 'ನಿನಗೂ ಒಂದು ಜಾಗ ಇದೆ' ಎಂದವರು ಯಾರೂ ಇರಲಿಲ್ಲ. ಗೌತಮಿಯ ಕಣ್ಣು ತುಂಬಿತು. ಧೂಳು ಬಿತ್ತು ಎಂದು ಸುಳ್ಳು ಹೇಳಿದಳು. ಅವನು ನಂಬಿದಂತೆ ನಟಿಸಿದ.

ಅಂದಿನಿಂದ ಬೆಳಗಿನ ಪಾಠಕ್ಕೆ ಹೋಗುವಾಗ ಅವಳು ಕನ್ನಡಿಯ ಮುಂದೆ ಹೊತ್ತು ಕಳೆಯತೊಡಗಿದಳು. ಹೆಲ್ಮೆಟ್ಟಿನೊಳಗೆ ಯಾವ ಜಡೆ ಕಾಣುತ್ತದೋ ಪುಣ್ಯಾತ್ಗಿತ್ತಿಗೆ! ಪಾಠ ಮುಗಿದ ಮೇಲಿನ ಟೀ ದಿನದಿನಕ್ಕೂ ಉದ್ದವಾಯಿತು. 'ಇವರಿಗೂ ಹೀಗೇ ಅನಿಸ್ತಿರಬಹುದಾ?' ಕೇಳುವ ಧೈರ್ಯ ಮಾತ್ರ ಬರಲಿಲ್ಲ.

ಟೆಸ್ಟಿಗೆ ವಾರವಿದೆ ಎನ್ನುವಾಗ ಮೈದಾನದಲ್ಲಿ ಅಶ್ವತ್ಥ್ ಇರಲಿಲ್ಲ. ಸ್ಕೂಲಿನ ಹಿರಿಯ ಟೀಚರ್ ಫಖ್ರುನ್ನೀಸಾ ನಿಂತಿದ್ದರು.

"ಇನ್ಮೇಲೆ ನಿಂಗೆ ನಾನೇ ಹೇಳ್ಕೊಡ್ತೀನಿ ಬೇಟಾ. ಅಶ್ವತ್ಥೇ ಬದಲಾಯಿಸ್ಕೊಂಡ."

ಅವನೇ? ಒಂದು ಮಾತೂ ಹೇಳದೆ?

'ನನ್ನ ಮನಸ್ಸು ತಿಳಿದುಹೋಯಿತೇನೋ... ಬೇಡ ಅನಿಸಿರಬೇಕು.' ಫೋನ್ ಮಾಡಿ ಕೇಳಬಹುದಿತ್ತು. ಕೇಳಲಿಲ್ಲ. ರೂಢಿಯಂತೆ ಸರಿದು ದಾರಿ ಬಿಟ್ಟಳು.

ಟೆಸ್ಟಿನ ದಿನ ಕಾಲು ನೆಲಕ್ಕೆ ತಾಗಿಸದೆ ಎಂಟರ ಆಕಾರದ ಗೆರೆಯನ್ನು ಸಲೀಸಾಗಿ ಸುತ್ತಿದಳು. ಬಳಿಕ ರಸ್ತೆ ಪರೀಕ್ಷೆ. "ಮುಂದೆ ಬಲಕ್ಕೆ ತಿರುಗಿ" ಎಂದರು ಇನ್ಸ್‌ಪೆಕ್ಟರ್.

ಬಲಕ್ಕೆ ಹೋಗಬೇಕೆಂದು ಗೊತ್ತಿತ್ತು. ಆದರೂ ತಿರುವಿನವರೆಗೆ ಎಡ ಅಂಚನ್ನು ಬಿಡಲಿಲ್ಲ. ಕೊನೆ ಗಳಿಗೆಯಲ್ಲಿ ಇಂಡಿಕೇಟರ್ ಒತ್ತಿ ಇಡೀ ರಸ್ತೆಗೆ ಅಡ್ಡಡ್ಡ ಹಾದಳು. ಹಿಂದಿನ ಕಾರು ಕಿರುಚಿಕೊಂಡು ನಿಂತಿತು.

"ಫೇಲ್. ಮುಂದಿನ ವಾರ ಬಾಮ್ಮ." ಇನ್ಸ್‌ಪೆಕ್ಟರ್ ತಲೆಯಾಡಿಸಿದರು. "ಬಲಕ್ಕೆ ಹೋಗೋರು ಮೊದಲೇ ಬಲಕ್ಕೆ ಬರ್ಬೇಕು. ನೀನ್ ಎಲ್ಲಿಗೆ ಹೋಗ್ತೀಯ ಅಂತ ತೋರಿಸ್ದೇ ಇದ್ರೆ ಹಿಂದಿರೋನಿಗೆ ಹೆಂಗ್ ಗೊತ್ತಾಗ್ಬೇಕು?"

ಫಖ್ರುನ್ನೀಸಾ ಬೆನ್ನು ಸವರಿದರು. "ಅಳಬೇಡ. ಇನ್ನೊಂದ್ಸಲ ಕೊಡೋಣ. ಅಶ್ವತ್ಥ್ ಕೇಳಿದ್ರೆ ಬೇಜಾರ್ ಮಾಡ್ಕೋತಾನೆ. ಪಾಪ, ಸೋಮವಾರದಿಂದ ಅವನು ನಮ್ಮ ಜಾಲಹಳ್ಳಿ ಬ್ರ್ಯಾಂಚಿಗೆ ಹೋಗ್ತಿದ್ದಾನೆ."

"ಹೋಗ್ಲಿ ಬಿಡಿ ಆಂಟಿ..."

ಬಾಯಿಗೆ ಬಂದದ್ದು ಅದೇ ಹಳೆಯ ಮಾತು. ಆದರೆ ಅರ್ಧಕ್ಕೇ ನಿಂತಿತು. ಎಲ್ಲಿಗೆ ಹೋಗಬೇಕೆಂದು ತಾನು ಯಾವತ್ತು ಯಾರಿಗೆ ತೋರಿಸಿದ್ದಳು?

"ಆಂಟಿ... ಅವ್ರು ಈಗ ಎಲ್ಲಿದ್ದಾರೆ?"

"ಎಲ್ಲಿರ್ತಾನೆ? ಮೈದಾನದಲ್ಲಿ. ನಡಿ, ನಾನ್ ಹಿಂದೆ ಕೂತ್ಕೋತೀನಿ, ನೀನೇ ಓಡಿಸು."

ಅಶ್ವತ್ಥ್ ಸುಣ್ಣದ ಗೆರೆ ಎಳೆಯುತ್ತಿದ್ದ. ಬೈಕ್ ನೇರ ಅವನ ರಸ್ತೆಯ ನಡುವೆಯೇ ಬಂದು ನಿಂತಿತು. ಫಖ್ರುನ್ನೀಸಾ ಇಳಿದು, ಇಬ್ಬರ ಮುಖವನ್ನೂ ನೋಡಿ, "ನಂಗೆ ಆಟೋ ಸಿಗುತ್ತೆ" ಎಂದು ಹೊರಟುಬಿಟ್ಟರು. ಜಾಣೆ!

"ನಾನ್ ಫೇಲಾದೆ," ಎಂದಳು ಗೌತಮಿ. "ಆದ್ರೆ ಅದನ್ನ ಹೇಳೋಕೆ ಬಂದಿಲ್ಲ. ನಂಗೆ ನೀವಂದ್ರೆ ಇಷ್ಟ. ನಿಮಗಿಲ್ಲ ಅಂದ್ರೆ ಹೇಳಿಬಿಡಿ, ಹೋಗ್ತೀನಿ. ಆದ್ರೆ ಈ ಸಲ ಕೇಳದೇ ಸೈಡಿಗೆ ಹೋಗಲ್ಲ!"

ಸುಣ್ಣದ ಡಬ್ಬ ಅವನ ಕೈಯಿಂದ ಜಾರಿತು.

"ಇಷ್ಟ ಇಲ್ಲ ಅಂತ ಯಾರ್ ಹೇಳಿದ್ದು?" ಎಂದ ಅವನು. "ನಿಮ್ಮನ್ನ ಟೆಸ್ಟಿಗೆ ತಯಾರ್ ಮಾಡೋನು ನಾನೇ ಆಗಿರೋವಾಗ ನಾನ್ ಬಾಯಿ ಬಿಟ್ಟಿದ್ರೆ, ಇಷ್ಟ ಇಲ್ದೇ ಇದ್ರೂ ನಿಮಗೆ ಇಲ್ಲ ಅನ್ನೋಕೆ ಕಷ್ಟ ಆಗ್ತಿತ್ತು. ನೀವು ಮೊದಲೇ ಎಲ್ರಿಗೂ ದಾರಿ ಬಿಡೋರು... ಲೈಸೆನ್ಸ್ ಬರ್ಲಿ, ಆಮೇಲೆ ಕೇಳೋಣ ಅಂತ ದೂರ ಹೋದೆ. ಜಾಲಹಳ್ಳಿಗೂ ಅದಕ್ಕೇ."

ಅವಳಿಗೆ ಅಳುವೂ ಬಂತು, ನಗುವೂ ಬಂತು.

"ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ! ಇಂಡಿಕೇಟರ್ ಹಾಕ್ದೇ ತಿರುಗಿದ್ದು ಯಾರ್ರೀ? ಒಂದ್ ವಾರ ನಾನ್ ಏನ್ ಅನುಭವಿಸಿದೆ ಗೊತ್ತಾ?"

"ತಪ್ಪಾಯ್ತು ಮೇಡಂ..." ಅಶ್ವತ್ಥ್ ಕಿವಿ ಹಿಡಿದುಕೊಂಡ. "ನಾನೂ ಫೇಲೇ. ಇನ್ನೊಂದ್ ಚಾನ್ಸ್ ಕೊಡ್ತೀರಾ?"

"ಹತ್ತಿ ಹಿಂದೆ."

ಅವನು ಹೆಲ್ಮೆಟ್ ಹಾಕಿ ಕೂತ. ಮುಖ್ಯರಸ್ತೆಗೆ ಬಂದ ಗೌತಮಿ ಕನ್ನಡಿ ನೋಡಿದಳು. ತಿರುವು ಇನ್ನೂ ದೂರವಿದ್ದಾಗಲೇ ಇಂಡಿಕೇಟರ್ ಹಾಕಿ, ಭುಜದ ಮೇಲಿಂದ ಹಿಂದೆ ನೋಡಿ, ನಿಧಾನವಾಗಿ ಲೇನಿನ ಬಲಭಾಗಕ್ಕೆ ಬಂದಳು. ಹಿಂದಿನ ಕಾರು ತಾನಾಗಿಯೇ ವೇಗ ಇಳಿಸಿತು. ಯಾರೂ ಹಾರ್ನ್ ಮಾಡಲಿಲ್ಲ. 'ಒಳಗೆ ಬನ್ನಿ' ಎನ್ನುವ ಜಪವೂ ಕೇಳಲಿಲ್ಲ.

"ಎಲ್ಲಿಗ್ರೀ?" ಎಂದ ಅಶ್ವತ್ಥ್.

"ನಮ್ಮನೆಗೆ. ಅಮ್ಮನ ಹತ್ರ ಮಾತಾಡೋಕೆ."

"ಈಗ್ಲೇನಾ?!"

"ಇಂಡಿಕೇಟರ್ ಹಾಕಾಗಿದೆ ಕಣ್ರೀ... ಈಗ ನೇರ ಹೋದ್ರೆ ಹಿಂದಿರೋರು ಬೈತಾರೆ!"