ಕುದುರೆ ನಿಲ್ಲುವ ಮನೆ

ಹಾಲಿನ ಕುದುರೆಗಾಡಿಯನ್ನು ನನಗೆ ಒಪ್ಪಿಸುವಾಗ ಮಾವ ಹೇಳಿದ್ದು ಇಷ್ಟೇ: "ನೀನು ತಲೆ ಓಡಿಸ್ಬೇಡ ಅಳಿಯ. ಕುದುರೆ ನಿಂತ ಕಡೆ ಹಾಲು ಹಾಕು, ಸಾಕು."

ಮೊದಲ ದಿನವೇ ಅದು ಬೀಗ ಜಡಿದ ಮನೆಯೊಂದರ ಮುಂದೆ ನಿಂತಿತು. ಬೈದೆ, ಎಳೆದೆ; ಜಪ್ಪಯ್ಯ ಅಂದರೂ ಅಲುಗಲಿಲ್ಲ. ಸೋತು, ಗೇಟಿನ ಪಕ್ಕದ ಕಟ್ಟೆಯ ಮೇಲಿದ್ದ ಪಾತ್ರೆಗೆ ಹಾಲು ಸುರಿದೆ. ಬಿಸಿಲಲ್ಲಿದ್ದರೂ ಪಾತ್ರೆ ಮಂಜಿನಂತೆ ತಣ್ಣಗಿತ್ತು. ಯಾರೋ ಹಣೆ ಕೆರೆಯುತ್ತಿರುವಂತೆ ಕುದುರೆ ಕತ್ತು ಚಾಚಿ ಕಣ್ಣು ಮುಚ್ಚಿತು. ಹೊರಟಾಗ ಅದರ ಬಾಯಲ್ಲಿ ಬೆಲ್ಲದ ವಾಸನೆ.

"ಅಲ್ಲಿ ಯಾರಿದಾರೆ ಮಾವ?"

ಮಾವ ನಕ್ಕರು. "ನಂಗೇನು ಗೊತ್ತಪ್ಪ? ಕುದುರೆಗೆ ಇಷ್ಟ ಆದೋರು. ಅಷ್ಟು ಸಾಲ್ದಾ?"

ಈಗ ನಾನೂ ಗೇಟಿಗೆ ನಮಸ್ಕಾರ ಹೇಳಿಯೇ ಹಾಲು ಹಾಕುತ್ತೇನೆ. ನಿನ್ನೆ ಕಟ್ಟೆಯ ಮೇಲೆ ಎರಡು ಚೂರು ಬೆಲ್ಲವಿತ್ತು. ಕುದುರೆ ಒಂದನ್ನು ತಿಂದು, ಇನ್ನೊಂದನ್ನು ಮೂತಿಯಿಂದ ನನ್ನತ್ತ ತಳ್ಳಿತು.

ತಿಂದೆ. ಅದೂ ತಣ್ಣಗಿತ್ತು.